ಗುಂಡಿ ಹಾಕಿದ ಗರ್ಭಕೋಶ

ಹೊಸ ಅಗ್ರಹಾರದಿಂದ ಎರಡು ಮೈಲಿ ಒಳಗಿರುವ ಆ ಊರಿಗೆ ಹೋಗಿ ಸುಂದ್ರಮ್ಮನ ಮನೆ ಎಲ್ಲಿ ಎಂದು ಕೇಳಿದರೆ, "ಯಾವ ಸುಂದ್ರಮ್ಮ? ಅಂಗನವಾಡಿ ಸುಂದ್ರಮ್ಮನಾ, ಕಿಡ್ನಿ ಸುಂದ್ರಮ್ಮನಾ?" ಎಂದು ಮರುಪ್ರಶ್ನೆ ಹಾಕುತ್ತಾರೆ. ಇಬ್ಬರೂ ಒಬ್ಬಳೇ. ಕೇಳುವವರಿಗೆ ಅದು ಚೆನ್ನಾಗಿ ಗೊತ್ತು. ಆದರೂ ಕೇಳುತ್ತಾರೆ. ಬಂದವರು ಕಿಡ್ನಿ ಎಂದೊಡನೆ ಮುಖ ಹುಳ್ಳಗೆ ಮಾಡುವುದನ್ನು ನೋಡುವುದು ಅವರಿಗೊಂದು ಮಜ.

ಸುಂದ್ರಮ್ಮ ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿ ನಿವೃತ್ತಿಯಾದವಳು. ತವರು ಹುಣಸೂರು ತಾಲ್ಲೂಕಿನ ಗುರುಪುರದ ಬಳಿ. ಅಲ್ಲಿನ ಟಿಬೆಟ್ ಕ್ಯಾಂಪಿನ ಅಜ್ಜಿಯೊಬ್ಬಳು ಅವಳಿಗೆ ಹೆಣಿಗೆ ಕಲಿಸಿದ್ದಳು. ಅಜ್ಜಿಗೆ ಕನ್ನಡ ಬಾರದು, ಇವಳಿಗೆ ಅಜ್ಜಿಯ ಮಾತು ಬಾರದು. ಕುಣಿಕೆ ತಪ್ಪಿದರೆ ಕಡ್ಡಿಯಿಂದ ಬೆರಳಿನ ಗಂಟಿಗೆ ಒಂದೇಟು. ಹಾಗೆ ಕಲಿತ ವಿದ್ಯೆ ಮರೆಯುವುದಿಲ್ಲ. ಮುಂದೆ ಅಂಗನವಾಡಿಯವರ ಸಂಬಳ ಹೆಚ್ಚಿಸಿ ಎಂದು ಬೆಂಗಳೂರಿನಲ್ಲಿ ಹಗಲೂ ರಾತ್ರಿ ರಸ್ತೆಯಲ್ಲಿ ಕೂತಾಗ ಆ ವಿದ್ಯೆ ಅವಳ ಕೈಹಿಡಿಯಿತು. ಬಾಯಿ ಧಿಕ್ಕಾರ ಕೂಗುತ್ತಿತ್ತು, ಕೈ ಹೆಣೆಯುತ್ತಿತ್ತು. ಸರ್ಕಾರ ಮಾತುಕತೆಗೆ ಕರೆಯುವಷ್ಟರಲ್ಲಿ ಎರಡು ಸ್ವೆಟರು ಮುಗಿದಿದ್ದವು. ಸರ್ಕಾರ ಕೊಟ್ಟ ಮಾತಿಗಿಂತ ಆ ಸ್ವೆಟರುಗಳೇ ಹೆಚ್ಚು ವರ್ಷ ಬಾಳಿಕೆ ಬಂದವು.

ಈ ಅಂಗಾಂಗ ಹೆಣೆಯುವ ಕಸುಬು ಶುರುವಾದದ್ದು ಗಂಡ ಚನ್ನಬಸವಣ್ಣನ ಪಿತ್ತಕೋಶದಿಂದ. ಅದರಲ್ಲಿ ಕಲ್ಲು ತುಂಬಿಕೊಂಡು ಮೈಸೂರಿನಲ್ಲಿ ಕೊಯ್ದು ತೆಗೆಸಬೇಕಾಯಿತು. ಚನ್ನಬಸವಣ್ಣ ಬೀದಿಗೆಲ್ಲ ಕೇಳುವಂತೆ ಗುಡುಗುವ ಆಳು. ಆಪರೇಷನ್ ಆದ ಮೇಲೆ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿ, "ನನ್ನೊಳಗಿಂದ ಒಂದು ಸಾಮಾನು ಹೋಯ್ತು ಕಣೇ, ಇನ್ನು ನಾನು ಪೂರ್ತಿ ಮನ್ಷ ಅಲ್ಲ" ಎಂದು ಮುಲುಕತೊಡಗಿದ. ಸುಂದ್ರಮ್ಮ ಎರಡು ದಿನ ಕೇಳಿಸಿಕೊಂಡಳು. ಮೂರನೆಯ ದಿನ ಹಸಿರು ಉಲ್ಲನ್ನಿನಲ್ಲಿ ಬದನೆಕಾಯಿ ಗಾತ್ರದ ಚೀಲವೊಂದನ್ನು ಹೆಣೆದು, ಬೂರುಗದ ಅರಳೆ ತುಂಬಿ, ಎರಡು ಕಣ್ಣಿಟ್ಟು ಅವನ ಎದೆಯ ಮೇಲೆ ಎಸೆದಳು.

"ತಗಳ್ಳಿ, ನಿಮ್ಮ ಸಾಮಾನು. ಇದ್ರಲ್ಲಿ ಕಲ್ಲಿಲ್ಲ."

ಚನ್ನಬಸವಣ್ಣ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ. "ಅಯ್ಯೋ ನಗಿಸ್ಬೇಡ ಕಣೇ, ಹೊಲಿಗೆ ಬಿಚ್ಚೋಯ್ತದೆ" ಎಂದು ಬೈದು ಮತ್ತೆ ನಕ್ಕ. ಸಂಜೆಗೆ ಎದ್ದು ಕೂತು, ನೋಡಲು ಬಂದವರಿಗೆಲ್ಲ ಪಿತ್ತಕೋಶ ತೋರಿಸತೊಡಗಿದ. ವಾರದಲ್ಲಿ ಮೊದಲಿನಂತೆ ಗುಡುಗಲೂ ಶುರುಮಾಡಿದ. ಇದೊಂದು ನಷ್ಟ.

ಪಿತ್ತಕೋಶದ ಆಕಾರ ಸುಂದ್ರಮ್ಮನಿಗೆ ತಿಳಿದದ್ದು ಮರಮ್ಮನಿಂದ. ಸುಂದ್ರಮ್ಮ ಲಿಂಗವಂತರ ಮನೆಯ ಹೆಂಗಸು. ಅಂಗನವಾಡಿ ಮಕ್ಕಳಿಗೆ ಮೊಟ್ಟೆ ಸುಲಿದು ಕೊಟ್ಟಿದ್ದಳೇ ಹೊರತು ಪ್ರಾಣಿಯ ಹೊಟ್ಟೆಯಲ್ಲಿ ಏನೇನಿದೆ ಎಂದು ಇಣುಕಿದವಳಲ್ಲ. ಮರಮ್ಮ ಅದೇ ಅಂಗನವಾಡಿಯ ಸಹಾಯಕಿ, ಕೆಳಗಿನ ಕೇರಿಯವಳು. ಮೊದಲ ವರ್ಷ, ಮರಮ್ಮ ಬೇಯಿಸಿದ್ದನ್ನು ನಮ್ಮ ಮಕ್ಕಳು ಉಣ್ಣುವುದಿಲ್ಲ ಎಂದು ಮೇಲಿನ ಬೀದಿಯವರು ಮಕ್ಕಳನ್ನೇ ಕಳಿಸಲಿಲ್ಲ. ಸುಂದ್ರಮ್ಮ ತನ್ನ ಇಬ್ಬರು ಮಕ್ಕಳನ್ನು ಮೊದಲ ಸಾಲಿನಲ್ಲಿ ಕೂರಿಸಿ, ತಾನೂ ತಟ್ಟೆ ಹಿಡಿದು ಎಲ್ಲರಿಗೂ ಕಾಣುವಂತೆ ಬಾಗಿಲಲ್ಲಿ ಕೂತು ಉಂಡಳು. ಅದಕ್ಕೆ ಅವಳ ಅತ್ತೆ ಆರು ತಿಂಗಳು ಇವಳ ಕೈಯ ನೀರು ಕುಡಿಯಲಿಲ್ಲ. ಆಮೇಲೆ ಬಾಯಾರಿತು, ಕುಡಿದಳು.

ಮರಮ್ಮನ ಕೇರಿಯಲ್ಲಿ ಹಬ್ಬ ಬಂತೆಂದರೆ ಗುಡ್ಡೆ ಬಾಡು. ಹತ್ತಾರು ಮನೆಯವರು ಸೇರಿ ಆಡೊಂದನ್ನು ತಂದು ಕೊಯ್ದು, ಎಲೆಯ ಮೇಲೆ ಸಮಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಯಾರ ಗುಡ್ಡೆಗಾದರೂ ಈಲಿಯ, ಅಂದರೆ ಲಿವರಿನ, ಒಂದು ಚೂರು ಕಡಿಮೆ ಬಿದ್ದರೆ ಮುಂದಿನ ಹಬ್ಬದವರೆಗೂ ಜಗಳ. ಮರಮ್ಮ ಚಿಕ್ಕಂದಿನಿಂದ ಅಪ್ಪನ ಪಕ್ಕ ಕೂತು ಪಾಲು ಹಾಕಿದವಳು. ಗುಂಡಿಗೆ, ಈಲಿ, ಮೂತ್ರದ ಕಾಯಿ, ಎಲ್ಲವೂ ಅವಳ ಕೈಗೆ ಗೊತ್ತು. ಹಾಗಾಗಿ ಅವಳು ಜಗುಲಿಯ ಮೇಲೆ ಸೀಮೆಸುಣ್ಣದಿಂದ ಬರೆಯುವುದು, ಸುಂದ್ರಮ್ಮ ನೋಡಿಕೊಂಡು ಹೆಣೆಯುವುದು.

"ಇದು ಆಡಿಂದಲ್ವೇನೇ ಮರಮ್ಮ?" ಎಂದು ಸುಂದ್ರಮ್ಮ ಒಮ್ಮೆ ಅನುಮಾನಪಟ್ಟಿದ್ದಳು.

"ಆಡಾದ್ರೇನು ಮನ್ಸ ಆದ್ರೇನು ಬುಡಿ ಟೀಚ್ರಮ್ಮ. ಉಸ್ರಾಡಾಕೆ ಅದ್ಕೂ ಎರಡು ನಮ್ಗೂ ಎರಡು. ಉಚ್ಚೆ ಉಯ್ಯಾಕೆ ಅದ್ಕೂ ಎರಡು ನಮ್ಗೂ ಎರಡು. ಸಾಬ್ರಿಗೊಂದು ತರ, ಸ್ವಾಮ್ಗೋಳಿಗೊಂದು ತರ ಇದ್ದಾದಾ?"

ಮಾತಿನಲ್ಲಿ ನ್ಯಾಯವಿತ್ತು. ಕೆ.ಆರ್. ನಗರಕ್ಕೆ ಡಯಾಲಿಸಿಸ್‌ಗೆ ಓಡಾಡುವ ಗೋವಿಂದಯ್ಯನಿಗೆ ಉಲ್ಲನ್ನಿನ ಜೋಡಿ ಕಿಡ್ನಿ ಹೋದವು, ಒಂದು ನಗುತ್ತಿರುವುದು, ಇನ್ನೊಂದು ಮುನಿಸಿಕೊಂಡಿರುವುದು. ಗೋವಿಂದಯ್ಯ ಅವನ್ನು ಬಸ್ಸಿನ ಕಿಟಕಿಯಿಂದ ಒಳಗೆಸೆದು ಸೀಟು ಹಿಡಿಯುತ್ತಾನೆ. ಯಾರೂ ಎತ್ತಿಡುವ ಧೈರ್ಯ ಮಾಡುವುದಿಲ್ಲ. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಅರ್ಧ ಆಯುಷ್ಯ ಬೆಂಕಿ ಕಾದು ದಮ್ಮು ಹತ್ತಿದ ನಟರಾಜುವಿಗೆ ನಸುಗೆಂಪು ಬಣ್ಣದ ಶ್ವಾಸಕೋಶ. ಅವನು ತಿರುಗಿಸಿ ನೋಡಿ, "ನಂದು ಈ ಬಣ್ಣ ಇರಾಕಿಲ್ಲ ಕಣಕ್ಕ, ಬೂದಿ ಬಣ್ಣದ್ದು ಹಾಕು" ಎಂದ. ಕಾಯಿಲೆ ಬಿದ್ದವರ ಮನೆಗೆ ಮೂಸಂಬಿ ಹಿಡಿದು ಹೋಗಿ ಲೊಚಗುಟ್ಟುವವರು ಬೇಕಾದಷ್ಟು ಜನ. ಆ ಲೊಚಗುಟ್ಟುವಿಕೆಯೇ ಅರ್ಧ ಕಾಯಿಲೆ ಎಂಬುದು ಸುಂದ್ರಮ್ಮನ ಅಭಿಪ್ರಾಯ. ಅವಳು ಹೆಣೆದದ್ದು ಮಡಿಲಿಗೆ ಬಿದ್ದರೆ ಬೈಯಲಾದರೂ ಬಾಯಿ ಬರುತ್ತದೆ.

ಹೋದ ವರ್ಷ ರಾಗಿ ಬಿತ್ತನೆಯ ಹೊತ್ತಿನಲ್ಲಿ ಮರಮ್ಮ ಬಂದವಳು ಸೀಮೆಸುಣ್ಣ ಮುಟ್ಟದೆ ಜಗುಲಿಯ ಮೇಲೆ ಕೂತಳು.

"ಯಾಕೇ, ಯಾರ ಸಂಗಡ ಜಗಳ ಆಡ್ಕೊಂಡು ಬಂದೆ?"

"ಸುಧಂದು ಗರ್ಭಕೋಶ ತೆಗೀತಾರಂತೆ ಟೀಚ್ರಮ್ಮ."

ಸುಧಾ ಮರಮ್ಮನ ಮಗಳು. ಸುಂದ್ರಮ್ಮನ ಅಂಗನವಾಡಿಯಲ್ಲೇ ಅಕ್ಷರ ಕಲಿತವಳು. ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿನ ಕಡೆಗೆ ಮದುವೆಯಾಗಿ, ಆರು ವರ್ಷದ ಹೆಣ್ಣು ಮಗುವೊಂದಿದೆ. ವಯಸ್ಸು ಇನ್ನೂ ಮೂವತ್ತೆರಡು. ತಿಂಗಳಲ್ಲಿ ಹದಿನೈದು ದಿನ ರಕ್ತಸ್ರಾವ. ಯಾವುದೋ ನರ್ಸಿಂಗ್ ಹೋಮಿಗೆ ತೋರಿಸಿದ್ದರು. ಅಲ್ಲಿ ಸ್ಕ್ಯಾನ್ ಮಾಡಿ, ಗಡ್ಡೆ ಇದೆ, ಗರ್ಭಕೋಶವನ್ನೇ ತೆಗೆಯಬೇಕು ಎಂದು ಎರಡು ಮಾತಲ್ಲಿ ಮುಗಿಸಿದ್ದರು.

"ಮುಂದಿನ ಸೋಮಾರಕ್ಕೆ ಡೇಟು ಕೊಟ್ಟವ್ರೆ. ಮೈಯಲ್ಲಿ ರಕ್ತ ಇಲ್ವಂತೆ, ಅದ್ಕೆ ಕ್ವಾಟೆ ಸರ್ಕಾರಿ ಆಸ್ಪತ್ರೇಲಿ ಡ್ರಿಪ್ ಹಾಕಿಸ್ಕೊಂಡು ಬನ್ನಿ ಅಂದವ್ರೆ."

"ಸುಧಾ ಏನಂತಾಳೆ?"

"ಅವ್ಳಿಗೆ ಇನ್ನೊಂದು ಕೂಸು ಬೇಕು ಅಂತ ಆಸೆ. ಅಳ್ತಾ ಕುಂತವ್ಳೆ. ಬೀಗ್ತಿ ರಾಮಮ್ಮ ಬುಡ್ಬೇಕಲ್ಲ? ನಂದೂ ತೆಗ್ಸಿದ್ದು, ನಮ್ ನಾದ್ನಿದೂ ತೆಗ್ಸಿದ್ದು, ನಮ್ ಬೀದೀಲಿ ಯಾರ್ಗೈತೆ ಗರ್ಭಕೋಶ ಅಂತಾಳೆ." ಮರಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ನೀವೊಂದು ಎಣ್ದು ಕೊಡಿ. ಒಳ್ಗಿಲ್ದಿದ್ರೂ ಕೈಲಾದ್ರೂ ಇರ್ಲಿ."

ಸುಂದ್ರಮ್ಮ ಕೆಂಪು ಉಲ್ಲನ್ ತೆಗೆದಳು. ಆದರೆ ಗರ್ಭಕೋಶ ಹೇಗಿರುತ್ತದೆ? ಎರಡು ಹೆತ್ತವಳು, ಮೂವತ್ತೊಂದು ವರ್ಷ ಬಸುರಿಯರಿಗೆ ಬುದ್ಧಿ ಹೇಳಿದವಳು, ಆ ಹೊತ್ತಿಗೆ ಮೊದಲ ಕುಣಿಕೆಯನ್ನೇ ಹಾಕಲಾರದೆ ಹೋದಳು. ಫೋನಿನಲ್ಲಿ ನೋಡಬಹುದಿತ್ತು. ಆದರೆ ಮನೆಯ ದೊಡ್ಡ ಫೋನು ಚನ್ನಬಸವಣ್ಣನದು. ನಾಳೆ ಅವನು ಸಂಘದ ಜನರ ಎದುರು ಶುಂಠಿಯ ದರ ನೋಡಲು ಹೋಗಿ ಗರ್ಭಕೋಶ ಎದ್ದುಬಂದರೆ? ಬೇಡವೆನಿಸಿತು. ಮರಮ್ಮನಿಗೇ ಸೀಮೆಸುಣ್ಣ ಕೊಟ್ಟಳು.

"ಗೊಡ್ಡು ಆಡು ಕೊಯ್ದಾಗ ನೋಡಿವ್ನಿ," ಎಂದು ಮರಮ್ಮ ಗಂಭೀರವಾಗಿ ಬರೆದಳು. "ನಡೂಕೆ ಸಣ್ಣ ಚೀಲ. ಅದ್ರಿಂದ ಎರಡು ಕಡೀಕೂ ಟಗರು ಕೊಂಬಿನಂಗೆ ಸುತ್ಕೊಂಡಿರ್ತದೆ."

ನಾಲ್ಕು ದಿನ ಹಿಡಿಯಿತು. ಕೊಂಬು ಸುತ್ತಿಕೊಳ್ಳಬೇಕಾದರೆ ಒಳಬದಿಯಲ್ಲಿ ಕುಣಿಕೆ ಕಡಿಮೆ ಮಾಡುತ್ತಾ ಹೋಗಬೇಕು. ಅವಳು ಅಷ್ಟು ನಯವಾಗಿ ಯಾವುದನ್ನೂ ಹೆಣೆದಿರಲಿಲ್ಲ. ಮುಗಿದಾಗ ಇಬ್ಬರಿಗೂ ಹೆಮ್ಮೆಯಾಯಿತು.

ಡ್ರಿಪ್ಪಿನ ದಿನ ಇಬ್ಬರೂ ಕೋಟೆಯ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದರು. ಸುಧಾ ಅತ್ತೆ ರಾಮಮ್ಮನ ಜೊತೆ ಟೀ ಅಂಗಡಿಯ ನೆರಳಿನಲ್ಲಿ ಕಾಯುತ್ತಿದ್ದಳು. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ಸುಂದ್ರಮ್ಮ ಕುಶಲ ಗಿಶಲ ವಿಚಾರಿಸದೆ ಬ್ಯಾಗಿನಿಂದ ತೆಗೆದು ಅವಳ ಕೈಯಲ್ಲಿಟ್ಟಳು.

"ಇದೇನು ಟೀಚ್ರಮ್ಮ, ಟಗರು ತಲೇನಾ?"

"ನಿನ್ನ ಗರ್ಭಕೋಶ ಕಣೇ."

ಸುಧಾ ಅದನ್ನು ಒಮ್ಮೆ ನೋಡಿದಳು, ತನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಂಡಳು. ಆಮೇಲೆ ನಗು ಹತ್ತಿ ಟೀ ಅಂಗಡಿಯ ಕಂಬ ಹಿಡಿದುಕೊಂಡು ನಿಂತಳು. "ಅದ್ಕೇ ಇಂಗೆ ಗುಮ್ತಾ ಐತೆ ಒಳ್ಗೆ!"

"ಥೂ, ರೋಡಲ್ಲಿ ಇಡ್ಕೊಂಡು ನಿಂತವ್ಳೆ, ಬ್ಯಾಗಿಗಾಕಮ್ಮಿ," ಎಂದು ರಾಮಮ್ಮ ಸಿಡುಕಿದಳು. ಟೀ ಅಂಗಡಿಯವನು ಮಾತ್ರ, "ಕಾರಿನ ಮುಂದುಕ್ಕೆ ಕಟ್ಟೋದಾ ಅಮ್ಮ? ಎಲ್ಲಿ ಸಿಗ್ತದೆ?" ಎಂದು ಕೇಳಿದ.

ತಾಲ್ಲೂಕು ಆಸ್ಪತ್ರೆಯ ವಾರ್ಡಿನಲ್ಲಿ ಸುಧಾಳ ಕೈಗೆ ಸೂಜಿ ಚುಚ್ಚಿ ಡ್ರಿಪ್ ಏರಿಸಿದರು. ಪಕ್ಕದ ಮಂಚದ ಬಾಣಂತಿಯರು ಕೊಂಬಿನ ಗರ್ಭಕೋಶವನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ನಗುತ್ತಿರುವಾಗ ಡಾಕ್ಟರ್ ಕಾವ್ಯಶ್ರೀ ಒಳಗೆ ಬಂದಳು. ಸಣ್ಣ ವಯಸ್ಸಿನ ಹುಡುಗಿ, ಹಳ್ಳಿಯ ರೈತರ ಮಗಳು. ಅದನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡಿ, "ಇದನ್ನ ಯಾರು ಮಾಡಿದ್ದು?" ಎಂದಳು.

"ನಾನು ಕಣಮ್ಮ. ಗರ್ಭಕೋಶ," ಎಂದಳು ಸುಂದ್ರಮ್ಮ, ಹೊಗಳಿಕೆಗೆ ಸಿದ್ಧವಾಗಿ.

"ಹೌದು, ಗರ್ಭಕೋಶವೇ. ಆಡಿಂದು."

ಡಾಕ್ಟರು ಸುತ್ತಿಕೊಂಡ ಕೊಂಬನ್ನು ಬೆರಳಿನಿಂದ ಬಿಡಿಸಿ ತೋರಿಸಿದಳು.

"ಆಡು ಒಂದೇ ಸಲಕ್ಕೆ ಎರಡು ಮೂರು ಮರಿ ಹಾಕುತ್ತಲ್ಲ, ಜಾಗ ಬೇಕು ಅಂತ ಅದಕ್ಕೆ ಆ ಕೊಂಬು. ನಮ್ಮದು ಸೀಬೆಹಣ್ಣಿನ ಹಾಗಿರುತ್ತೆ ಅಮ್ಮ. ತಲೆಕೆಳಗು ಮಾಡಿದ ಸೀಬೆಹಣ್ಣು."

ವಾರ್ಡಿಗೆ ವಾರ್ಡೇ ಹೋ ಎಂದಿತು. ಮರಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು, "ಅಯ್ಯೋ ನನ್ ಮಗ್ಳೇ, ನಿನ್ನ ಆಡು ಮಾಡ್ಬುಟ್ನಲ್ಲೇ" ಎಂದು ಅಲ್ಲೇ ಕುಸಿದು ಕೂತು ನಕ್ಕಳು.

ಸುಂದ್ರಮ್ಮ ನಗಲಿಲ್ಲ. ಅವಳಿಗೆ ಅಂಗನವಾಡಿಯ ಅಟ್ಟದ ಮೇಲಿನ ಚಾರ್ಟು ನೆನಪಾಗಿತ್ತು. ತಾಯಂದಿರ ಸಭೆಗೆಂದು ಇಲಾಖೆ ಕಳಿಸಿದ್ದ ಚಾರ್ಟು. ಅದರಲ್ಲಿ ರಾಗಿ, ಸೊಪ್ಪು, ಮೊಟ್ಟೆಯ ಹಾಳೆಗಳನ್ನು ಅವಳು ಬಿಚ್ಚಿ ತೋರಿಸುತ್ತಿದ್ದಳು. ಹೆಂಗಸಿನ ಒಳಗಿನ ಹಾಳೆ ಬಂದಾಗ ಅದನ್ನು ಹಿಂದಿನ ಹಾಳೆಯ ಜೊತೆಗೇ ಹಿಡಿದು, ಕಾಣದಂತೆ ಮಗುಚಿಬಿಡುತ್ತಿದ್ದಳು. ಪಂಚಾಯ್ತಿ ಮೆಂಬರು ಎದುರಿಗೆ ಕೂತಿರುತ್ತಿದ್ದ, ಏನಾದರೂ ಅಂದುಕೊಂಡಾನೆಂಬ ನಾಚಿಕೆ. ಮಂತ್ರಿಯ ಕಾರಿಗೆ ಅಡ್ಡ ಮಲಗಲು ನಾಚದವಳು ಒಂದು ಹಾಳೆ ತೆರೆದು ತೋರಿಸಲು ನಾಚಿದ್ದಳು. ಸುಧಾಳ ಓರಗೆಯ ಎಷ್ಟು ಹುಡುಗಿಯರು ಹಾಗೆ ನೋಡದೆಯೇ ಮದುವೆಯಾಗಿ ಹೋದರೋ.

ಅವಳು ಮಂಚದ ಅಂಚಿಗೆ ಕೂತು, ಗಂಟು ಹುಡುಕಿ, ಕೊಂಬು ಬಿಚ್ಚತೊಡಗಿದಳು. "ಡಾಕ್ಟ್ರಮ್ಮ, ಸರಿಯಾಗಿ ಹೇಳಿ. ಎಷ್ಟು ದೊಡ್ಡದು? ಒಳಗೆ ಟೊಳ್ಳೋ ಗಟ್ಟಿಯೋ? ಗಡ್ಡೆ ಎಲ್ಲೈತೆ?"

"ಎಲ್ಲಿದೆ ಅಂತ ಸ್ಕ್ಯಾನ್ ಮಾಡಿದವರು ಹೇಳಲಿಲ್ವಾ ನಿಮಗೆ?"

ಸುಧಾ ಇಲ್ಲವೆಂದು ತಲೆಯಾಡಿಸಿದಳು. ರಾಮಮ್ಮನ ಚೀಲದಲ್ಲಿ ನಾಲ್ಕಾಗಿ ಮಡಚಿದ್ದ ಸ್ಕ್ಯಾನ್ ರಿಪೋರ್ಟು ಹೊರಬಂತು. ಇಂಗ್ಲಿಷಿನಲ್ಲಿತ್ತು. ಆ ಮನೆಯಲ್ಲಿ ಅದನ್ನು ಯಾರೂ ಓದಿರಲಿಲ್ಲ. ಕಾವ್ಯಶ್ರೀ ಎರಡು ಸಲ ಓದಿದಳು.

"ಗಡ್ಡೆ ಗೋಡೆಯೊಳಗೆ ಇಲ್ಲ. ಒಳಗಿನ ಟೊಳ್ಳಲ್ಲಿ ತೊಟ್ಟು ಹಿಡಿದು ನೇತಾಡ್ತಿದೆ ಅಂತ ಬರೆದಿದ್ದಾರೆ. ನಿಂಬೆಹಣ್ಣಿಗಿಂತ ಸಣ್ಣದು." ಅವಳು ಒಂದು ಚೀಟಿಯಲ್ಲಿ ಸೀಬೆಹಣ್ಣು ಬರೆದು, ಒಳಗೆ ಗಡ್ಡೆ ಗುರುತಿಸಿ ಸುಂದ್ರಮ್ಮನ ಕೈಗಿಟ್ಟಳು. "ಇಂಥದ್ದನ್ನ ಕೆಲವರಿಗೆ ಹೊಟ್ಟೆ ಕೊಯ್ಯದೆ ಕೆಳಗಿನಿಂದಲೇ ಕೊಳವೆ ಹಾಕಿ ತೆಗೀಬಹುದು. ಸುಧಾ, ನಿಮಗೆ ಆಗುತ್ತೆ ಅಂತ ನಾನು ಮಾತು ಕೊಡಲ್ಲ. ಮೈಸೂರಿನ ದೊಡ್ಡಾಸ್ಪತ್ರೆಯವರು ನೋಡಿ ಹೇಳಬೇಕು. ಚೀಟಿ ಬರ್ಕೊಡ್ತೀನಿ."

"ಅಂದ್ರೆ ಗರ್ಭಕೋಶ ಇರ್ತದಾ?" ಸುಧಾ ಸೂಜಿ ಚುಚ್ಚಿದ ಕೈಯನ್ನೂ ಮರೆತು ಏಳಲು ಹೋದಳು.

"ಕೇಳಿ ನೋಡೋಣ ಅಂತ."

"ಕೇಳೋದೇನು ಬಂತು?" ರಾಮಮ್ಮ ಎದ್ದು ನಿಂತಳು. "ದೊಡ್ ಡಾಕ್ಟ್ರು ಡೇಟು ಕೊಟ್ಟವ್ರೆ. ಇಂಗೆ ಆಸ್ಪತ್ರೆ ಸುತ್ಕೊಂಡು ಕುಂತ್ರೆ ರಕ್ತ ನಿಲ್ತದಾ? ನಂದು ತೆಗ್ದು ಇಪ್ಪತ್ತು ವರ್ಸ ಆಯ್ತು, ನಾನೇನು ಸತ್ತೋದ್ನಾ?"

ಡಾಕ್ಟರು ಬೇರೆ ರೋಗಿಗಳನ್ನು ನೋಡಲು ಹೋದಳು. ಸುಂದ್ರಮ್ಮ ಕೂತಲ್ಲಿಂದ ಏಳಲಿಲ್ಲ. ಧರಣಿಯಲ್ಲಿ ಕಲಿತ ಪಾಠವದು, ಎದುರಿನವರು ನಿಂತಾಗ ನಾವು ಕೂತಿರಬೇಕು. ಅದೇ ಕೆಂಪು ದಾರದಲ್ಲಿ, ಡಾಕ್ಟರು ಬರೆದುಕೊಟ್ಟ ಚಿತ್ರ ನೋಡಿಕೊಂಡು ಸೀಬೆಹಣ್ಣು ಹೆಣೆದಳು. ಡ್ರಿಪ್ ಮುಗಿಯಿತು, ಆಸ್ಪತ್ರೆಯ ಊಟ ಬಂತು. ಬೇಗೂರಿನ ಕಡೆಯ ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು. ಮುಂಭಾಗವನ್ನು ಉದ್ದಕ್ಕೆ ತೆರೆದು ಬಿಟ್ಟು, ತನ್ನ ರವಿಕೆಗೆಂದು ಇಟ್ಟುಕೊಂಡಿದ್ದ ಎರಡು ಗುಂಡಿ ಹೊಲಿದಳು. ಹಸಿರು ದಾರದ ಒಂದು ಉಂಡೆ ಸುತ್ತಿ, ಸಣ್ಣ ಕುಣಿಕೆಯ ತೊಟ್ಟು ಮಾಡಿ ಒಳಗೆ ನೇತುಹಾಕಿದಳು. ಸಂಜೆಯ ಸರದಿಗೆ ಬಂದ ಕಾವ್ಯಶ್ರೀ ನೋಡಿ, ಗಡ್ಡೆಯನ್ನು ಒಂದು ಬೆರಳು ಮೇಲಕ್ಕೆ ಸರಿಸಿದಳು. "ಇಲ್ಲಿ. ಈಗ ಸರಿ."

ಸುಧಾ ಗುಂಡಿ ಬಿಚ್ಚಿ, ಬೆರಳು ಹಾಕಿ, ಗಡ್ಡೆಯನ್ನು ಮುಟ್ಟಿದಳು. ಎಳೆದಳು. ತೊಟ್ಟು ಕಳಚಿ ಅದು ಅಂಗೈಗೆ ಬಂತು. ಚೀಲ ಹಾಗೆಯೇ ಉಳಿಯಿತು. ಮತ್ತೆ ಸಿಕ್ಕಿಸಿ ಮತ್ತೆ ಎಳೆದಳು. ನಾಲ್ಕನೇ ಸಲಕ್ಕೆ ಅದನ್ನು ಅತ್ತೆಯ ಮಡಿಲಲ್ಲಿಟ್ಟಳು.

ರಾಮಮ್ಮ ಮುಟ್ಟಲಿಲ್ಲ. ಆಮೇಲೆ ಮುಟ್ಟಿದಳು. ಗುಂಡಿ ಬಿಚ್ಚಿ ನೋಡಿ ಹಾಕಿದಳು, ಮತ್ತೆ ಬಿಚ್ಚಿದಳು.

"ನಂದ್ರಲ್ಲಿ ಏನಿತ್ತು ಅಂತ ನಂಗೆ ಯಾರೂ ತೋರುಸ್ಲಿಲ್ಲ," ಎಂದಳು. "ತೆಗ್ದೋ ಅಂದ್ರು. ಎಷ್ಟಗಲ ಇತ್ತು, ಎಲ್ಲಿತ್ತು, ಏನೂ ಇಲ್ಲ. ಹಸು ಕೊಂಡ್ರೆ ಹಲ್ಲು ಹಿಡ್ದು ನೋಡ್ತೀವಿ. ನಾನು ಕೇಳ್ನೇ ಇಲ್ಲ ನೋಡು."

ಯಾರೂ ಲೊಚಗುಟ್ಟಲಿಲ್ಲ. ಮರಮ್ಮ ಎಲೆಯಡಿಕೆಯ ಚೀಲ ಮುಂದೆ ಸರಿಸಿದಳು. ರಾಮಮ್ಮ ಎಲೆಗೆ ಸುಣ್ಣ ಸವರಿ, ಬಾಯಿಗಿಟ್ಟುಕೊಂಡು, ಮಗ ಮಾದೇಶನಿಗೆ ಫೋನು ಹಚ್ಚಿಸಿದಳು.

"ಲೇ ಮಾದೇಶ, ಸೋಮಾರ ಇಲ್ಲ ಕಣ್ಲಾ. ಮೈಸೂರಿಗೆ ಓಯ್ತೀವಿ... ಯಾಕಾ? ನೇತಾಡ್ತಾ ಇರೋದ್ನ ಕಿತ್ತಾಕೋದು ಬುಟ್ಟು ಮನೇನೇ ಕೆಡುವ್ತಾರೇನ್ಲಾ ಯಾರಾದ್ರೂ?... ನಿಂಗೇನು ಗೊತ್ತು ಅದ್ರ ವಿಸ್ಯ, ಮಡುಗು ಫೋನ್ನ."

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ನಾಲ್ಕು ಸಲ ಸಾಲಿನಲ್ಲಿ ನಿಂತರು. ಎರಡು ಸಲ ಡಾಕ್ಟರು ಇರಲಿಲ್ಲ, ಒಂದು ಸಲ ಮಿಷನ್ನು ಕೆಟ್ಟಿತ್ತು. ಮರಮ್ಮ ಕಿಟಕಿಯ ಗುಮಾಸ್ತನನ್ನು ಬೈದಳು, ಸುಂದ್ರಮ್ಮ ಅವನ ಮೇಲಿನವನಿಗೆ ಅರ್ಜಿ ಬರೆದಳು. ರಾಮಮ್ಮ ಕಾವ್ಯಶ್ರೀ ಕೊಟ್ಟಿದ್ದ ಮಾತ್ರೆಯ ಹೊತ್ತು ತಪ್ಪದಂತೆ ಸೊಸೆಯನ್ನು ನೋಡಿಕೊಂಡಳು. ಮಾತ್ರೆಗೆ ರಕ್ತಸ್ರಾವ ಕಡಿಮೆಯಾಗಿ ಸುಧಾಳ ಮುಖಕ್ಕೆ ಬಣ್ಣ ಬಂದಿತ್ತು. ಐದನೆಯ ವಾರ ಕೊಳವೆ ಹಾಕಿ ಗಡ್ಡೆ ತೆಗೆದರು. ಬೆಳಿಗ್ಗೆ ಒಳಗೆ ಹೋದ ಸುಧಾ ಮಧ್ಯಾಹ್ನಕ್ಕೆ ಎಚ್ಚರಾಗಿ ಇಡ್ಲಿ ಕೇಳಿದಳು. ಗಡ್ಡೆಯನ್ನು ಸಣ್ಣ ಬಾಟಲಿಯಲ್ಲಿ ತಂದು ತೋರಿಸಿದರು. ಚೂರುಚೂರಾಗಿ ಬಂದಿತ್ತು. ರಾಮಮ್ಮ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇಷ್ಟೇ" ಎಂದಳು.

ಹತ್ತು ದಿನ ಬಿಟ್ಟು ಗಡ್ಡೆಯ ಪರೀಕ್ಷೆಯ ರಿಪೋರ್ಟು ಬಂತು. ಕೆಟ್ಟದ್ದೇನೂ ಇರಲಿಲ್ಲ. ಆರು ತಿಂಗಳು ಕಾದು ಮಗುವಿನ ಮಾತು ಯೋಚಿಸಿ ಎಂದು ಅಲ್ಲಿನ ಡಾಕ್ಟರಮ್ಮ ಸುಧಾಳಿಗೆ ಕನ್ನಡದಲ್ಲೇ ತಿಳಿಸಿ ಹೇಳಿದಳು. ಹೇಳುತ್ತಾ ಅವಳ ಕಣ್ಣು ಸುಧಾಳ ಮಡಿಲಿಗೆ ಹೋಯಿತು. ಅಲ್ಲಿ ಕೆಂಪು ಸೀಬೆಹಣ್ಣು ಕೂತಿತ್ತು. ಡಾಕ್ಟರಮ್ಮ ಅದನ್ನು ಎತ್ತಿಕೊಂಡು ಗುಂಡಿ ಬಿಚ್ಚಿ, ಹಾಕಿ, ಸಂತೋಷಪಟ್ಟಳು.

"ಇದನ್ನ ನಮಗೆ ಕೊಟ್ಟುಬಿಡಿ. ಬರೋ ಹೆಂಗಸರಿಗೆ ತೋರಿಸಿ ಹೇಳೋಕೆ ತುಂಬ ಅನುಕೂಲ."

ಬಾಗಿಲ ಬಳಿ ನಿಂತಿದ್ದ ಸುಂದ್ರಮ್ಮನಿಗೆ ಹಿಗ್ಗಾಯಿತು. ಕೊಡು ಎಂದು ಸುಧಾಳಿಗೆ ಕಣ್ಣಿನಲ್ಲೇ ಹೇಳಿದಳು. ಸುಧಾ ಕೈ ಚಾಚಿ ಸೀಬೆಹಣ್ಣನ್ನು ಡಾಕ್ಟರಮ್ಮನ ಕೈಯಿಂದ ತೆಗೆದುಕೊಂಡಳು.

"ಕೊಡಾಕಿಲ್ಲ ಡಾಕ್ಟ್ರೇ. ಇದನ್ನ ಉಳಿಸ್ಕೊಳ್ಳಾಕೆ ಏಟೊಂದು ಒದ್ದಾಡಿವ್ನಿ."

ಗುಂಡಿ ಬಿಚ್ಚಿ, ಹಸಿರು ಉಂಡೆಯನ್ನು ತೊಟ್ಟಿನಿಂದ ಕಿತ್ತು ಮೇಜಿನ ಮೇಲಿಟ್ಟಳು.

"ಇದು ಬೇಕಾದ್ರೆ ಇಟ್ಕಳಿ."